ಸಮುದ್ರದ ನೀರನ್ನು ಸಿಹಿಗೊಳಿಸುವಿಕೆ ಹಾಗೂ ಉಪ್ಪು ತಯಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಸಮುದ್ರದ ನೀರಿನಿಂದ ಲವಣವನ್ನು ಬೇರ್ಪಡಿಸಿ ಕುಡಿಯಲು ಯೋಗ್ಯವಾದ ನೀರು ಪಡೆಯುವ ಸ್ಥಾವರದಲ್ಲಿ ಸಿಹಿನೀರಿನೊಡನೆ ಗಾಢ ಉಪ್ಪುನೀರೂ ಹೊರಬರುತ್ತದೆ. ಸಾಮಾನ್ಯವಾಗಿ ಇದನ್ನು ಸಮುದ್ರಕ್ಕೇ ಮರಳಿ ಬಿಡಲಾಗುತ್ತದೆ. ಇದೇ ನೀರನ್ನು ಉಪ್ಪಿನ ಆಗರಗಳಿಗೆ ಹಾಯಿಸಿ ಉಪ್ಪು ಪಡೆಯುವ ವಿಧಾನ, ಅದರ ಮಿತಿ ಹಾಗೂ ಅಗತ್ಯ ಅನುಮತಿಗಳ ವಿವರ ಈ ಕೆಳಗಿನಂತಿದೆ. ಒಳನಾಡಿನ ಶುದ್ಧ ಕುಡಿಯುವ ನೀರಿನ ಘಟಕಗಳ ಬಳಕೆದಾರರು 4ನೇ ಭಾಗವನ್ನು ವಿಶೇಷವಾಗಿ ಗಮನಿಸುವುದು.

1. ವಿಧಾನ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಅಡುಗೆ ಉಪ್ಪು. ಆರ್.ಓ. ವಿಧಾನದಲ್ಲಿ ನೀರನ್ನು ಅಧಿಕ ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಲಾಗುತ್ತದೆ. 100 ಲೀಟರ್ ಸಮುದ್ರದ ನೀರಿನಿಂದ 40 ಲೀಟರ್ ಸಿಹಿನೀರು ಪಡೆದರೆ, ಉಳಿದ 60 ಲೀಟರ್‌ನಲ್ಲಿ ಲವಣದ ಪ್ರಮಾಣ ಲೀಟರಿಗೆ ಸುಮಾರು 58 ಗ್ರಾಂಗೆ ಏರುತ್ತದೆ.

ಆಗರದಲ್ಲಿ ಸಮುದ್ರದ ನೀರು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದ ನಂತರ ಉಪ್ಪು ಹರಳುಗಟ್ಟಲು ಆರಂಭಿಸುತ್ತದೆ. ಅಂದರೆ 100 ಲೀಟರ್‌ನಲ್ಲಿ 90 ಲೀಟರ್ ಬಿಸಿಲಿನಿಂದ ಆವಿಯಾಗಬೇಕು. ಸ್ಥಾವರದ ಗಾಢ ನೀರನ್ನು ಬಳಸಿದಲ್ಲಿ 50 ಲೀಟರ್ ಆವಿಯಾದರೆ ಸಾಕು. ಇದರಿಂದ ಕಾಲ ಹಾಗೂ ಸ್ಥಳ ಉಳಿಯುತ್ತದೆ. ಇಸ್ರೇಲಿನ ಏಲಾತ್ ನಗರದಲ್ಲಿ 1997ರಿಂದ ಈ ಜೋಡಣೆಯನ್ನು ಕಾರ್ಯರೂಪಕ್ಕೆ ತರಲಾಗಿದೆ. ಭಾರತದಲ್ಲಿ 1954ರಲ್ಲಿ ಆರಂಭವಾದ ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು ಉಪ್ಪು ತಯಾರಿಕೆ ಹಾಗೂ ನೀರು ಸಿಹಿಗೊಳಿಸುವಿಕೆ ಎರಡರಲ್ಲೂ ಸಂಶೋಧನೆ ನಡೆಸುತ್ತಿದೆ.

2. ಕರ್ನಾಟಕದ ಕರಾವಳಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ, ಅಘನಾಶಿನಿ ಅಳಿವೆಯ ನೀರಿನಿಂದ ಉಪ್ಪು ತಯಾರಿಸಲಾಗುತ್ತದೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂ.ಆರ್.ಪಿ.ಎಲ್. ತೈಲ ಸಂಸ್ಕರಣಾಗಾರಕ್ಕಾಗಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಿಹಿನೀರಿನ ಸ್ಥಾವರ ನಿರ್ಮಾಣವಾಗಿದೆ. 2016ರ ಬೇಸಿಗೆಯಲ್ಲಿ ನೇತ್ರಾವತಿ ನದಿಯ ನೀರು ಸಾಲದೆ ಸಂಸ್ಕರಣಾಗಾರದ ಕೆಲವು ಘಟಕಗಳನ್ನು ನಿಲ್ಲಿಸಬೇಕಾಗಿ ಬಂದಿತ್ತು. ಈ ಎರಡು ಸ್ಥಳಗಳ ನಡುವೆ 200 ಕಿಲೋಮೀಟರಿಗೂ ಹೆಚ್ಚು ದೂರವಿದೆ.

ಕರಾವಳಿಯಲ್ಲಿ ನದಿಗಳು ಬತ್ತುವ ಬೇಸಿಗೆಯ ತಿಂಗಳುಗಳೇ ಉಪ್ಪು ಬೆಳೆಯುವ ಕಾಲವೂ ಆಗಿರುವುದು ಈ ಜೋಡಣೆಗೆ ಅನುಕೂಲಕರ ಅಂಶವಾಗಿದೆ.

3. ಮಿತಿಗಳು

ಅ) ಮಳೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗರಗಳಲ್ಲಿ ಉಪ್ಪು ತಯಾರಿಕೆ ಸಾಧ್ಯವಿಲ್ಲ. ಆ ಅವಧಿಯಲ್ಲಿ ಗಾಢ ನೀರನ್ನು ಸಮುದ್ರಕ್ಕೇ ಬಿಡಬೇಕಾಗುತ್ತದೆ.

ಆ) ಭೂಮಿ: ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರು ನೀಡುವ ಸ್ಥಾವರದಿಂದ, ಮೇಲಿನ ಲೆಕ್ಕದಂತೆ, 4.5 ಕೋಟಿ ಲೀಟರ್ ಗಾಢ ನೀರು ಹೊರಬರುತ್ತದೆ. ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುವುದೆಂದು ಭಾವಿಸಿದರೆ, ಇಷ್ಟು ನೀರು ಹರಳುಗಟ್ಟುವ ಹಂತ ತಲುಪಲು ಸುಮಾರು 750 ಹೆಕ್ಟೇರ್ ಆಗರ ಅವಶ್ಯ. ಆದ್ದರಿಂದ ಗಾಢ ನೀರಿನ ಒಂದು ಭಾಗವನ್ನು ಮಾತ್ರ ಉಪ್ಪಿಗೆ ಬಳಸುವುದು ಕಾರ್ಯಸಾಧ್ಯ.

ಇ) ಶುದ್ಧತೆ: ಸ್ಥಾವರದಲ್ಲಿ ಬಳಸಿದ ರಾಸಾಯನಿಕಗಳ ಶೇಷವನ್ನು ಪರೀಕ್ಷಿಸದೆ ಉಪ್ಪನ್ನು ಆಹಾರಕ್ಕೆ ಬಳಸತಕ್ಕದ್ದಲ್ಲ.

4. ಒಳನಾಡಿನ ಘಟಕಗಳ ತ್ಯಾಜ್ಯ ನೀರು

ಬೀದರ್ ಜಿಲ್ಲೆಯ ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣ ಮುಂತಾದ ಒಳನಾಡಿನ ಪ್ರದೇಶಗಳಿಗೆ ಸಮುದ್ರದ ನೀರಿನ ಈ ವಿಧಾನ ಅನ್ವಯಿಸುವುದಿಲ್ಲ. ಗ್ರಾಮಗಳ ಆರ್.ಓ. ಘಟಕಗಳಿಂದ ಹೊರಬರುವ ನೀರೂ ಗಾಢವಾಗಿರುತ್ತದೆಯಾದರೂ ಅದು ಸಮುದ್ರದ ನೀರಿಗೆ ಸಮಾನವಲ್ಲ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಇದ್ದಲ್ಲಿ ತ್ಯಾಜ್ಯ ನೀರಿನಲ್ಲಿ ಅವುಗಳ ಪ್ರಮಾಣ ಇನ್ನೂ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಹಾಗೂ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಐ.ಎಸ್. 10500 ನಿಗದಿಪಡಿಸಿದೆ. ಆದುದರಿಂದ:

* ಈ ನೀರನ್ನು ಕುಡಿಯಲು, ಅಡುಗೆಗೆ ಅಥವಾ ಜಾನುವಾರುಗಳಿಗೆ ಬಳಸಬಾರದು.
* ಇದನ್ನು ಒಣಗಿಸಿ ದೊರೆತ ಲವಣವನ್ನು ಜನರಾಗಲಿ ಜಾನುವಾರುಗಳಾಗಲಿ ಸೇವಿಸಬಾರದು.
* ತೆರೆದ ಬಾವಿ, ಕೆರೆ ಅಥವಾ ಇಂಗುಗುಂಡಿಗೆ ಬಿಡಬಾರದು. ಶೌಚಾಲಯ ಮತ್ತು ನೆಲ ತೊಳೆಯಲು ಬಳಸಬಹುದು.

ತ್ಯಾಜ್ಯ ನೀರಿನ ವಿಲೇವಾರಿಯ ಬಗ್ಗೆ ದೂರುಗಳಿದ್ದಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.

5. ಕರಾವಳಿಯಲ್ಲಿ ಘಟಕ ಸ್ಥಾಪಿಸಲಿಚ್ಛಿಸುವವರಿಗೆ

* ಸಿಹಿನೀರಿನ ಸ್ಥಾವರ ಮತ್ತು ಬಿಸಿಲಿನಿಂದ ಉಪ್ಪು ತಯಾರಿಕೆ, ಎರಡಕ್ಕೂ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಷರತ್ತುಬದ್ಧ ಅವಕಾಶವಿದೆ. ಪ್ರಸ್ತಾವನೆಗಳನ್ನು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವು ಪರಿಶೀಲಿಸುತ್ತದೆ.
* ಸ್ಥಾವರದ ನೀರನ್ನು ಹೊರಬಿಡಲು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯಡಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯತಕ್ಕದ್ದು.
* ಉಪ್ಪನ್ನು ಆಹಾರಕ್ಕಾಗಿ ಮಾರಾಟ ಮಾಡುವವರು ಆಹಾರ ಸುರಕ್ಷತೆ ಕಾಯ್ದೆಯಡಿ ಪರವಾನಗಿ ಅಥವಾ ನೋಂದಣಿ ಪಡೆಯತಕ್ಕದ್ದು. ಜನರ ನೇರ ಬಳಕೆಗೆ ಅಯೋಡಿನ್‌ಯುಕ್ತ ಉಪ್ಪನ್ನು ಮಾತ್ರ ಮಾರಬಹುದು. ಗ್ರಾಹಕರ ಕೈಸೇರುವಾಗ ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರತಕ್ಕದ್ದು.

ಸಿಹಿನೀರಿನ ಸ್ಥಾವರ ಮತ್ತು ಆಗರ ಒಂದೇ ಪ್ರಸ್ತಾವನೆಯ ಭಾಗವಾಗಿದ್ದಲ್ಲಿ, ಮಳೆಗಾಲದಲ್ಲಿ ಗಾಢ ನೀರನ್ನು ಎಲ್ಲಿಗೆ ಬಿಡಲಾಗುವುದೆಂಬ ವಿವರವನ್ನು ಆರಂಭದಲ್ಲಿಯೇ ನಮೂದಿಸುವುದು ಸೂಕ್ತ.