ಶಾಲಾ ಆಪ್ತ ಸಮಾಲೋಚಕರ ಸ್ನಾತಕೋತ್ತರ ತರಬೇತಿ: ಕಡೂರು, ತರೀಕೆರೆ, ಅಜ್ಜಂಪುರ

ಓದು, ನಡವಳಿಕೆ, ಮನೆಯ ಸಂಕಟ, ಪರೀಕ್ಷೆಯ ಭಯ, ಮುಂದೇನು ಓದಬೇಕೆಂಬ ಗೊಂದಲ ಇಂಥವುಗಳಲ್ಲಿ ಸಿಲುಕಿದ ವಿದ್ಯಾರ್ಥಿಯ ಮಾತನ್ನು ಗುಟ್ಟು ಬಿಟ್ಟುಕೊಡದೆ ಕೇಳಿ, ದಾರಿ ಕಂಡುಕೊಳ್ಳಲು ನೆರವಾಗುವವರು ಶಾಲಾ ಆಪ್ತ ಸಮಾಲೋಚಕರು. ಅವರು ಔಷಧಿ ಬರೆಯುವುದಿಲ್ಲ, ರೋಗ ಇಂಥದೇ ಎಂದು ತೀರ್ಮಾನಿಸುವುದಿಲ್ಲ. ಮಗು, ಪಾಲಕರು, ಶಿಕ್ಷಕರು ಈ ಮೂವರ ನಡುವೆ ಕೆಲಸ ಮಾಡುತ್ತಾರೆ. ಅಗತ್ಯಬಿದ್ದಾಗ ಮನೋವೈದ್ಯರ ಬಳಿಗೋ ಮಕ್ಕಳ ರಕ್ಷಣಾ ಘಟಕಕ್ಕೋ ಕಳುಹಿಸುತ್ತಾರೆ. ಈ ಕೆಲಸಕ್ಕೆ ಬೇಕಾದ ಸಿದ್ಧತೆ ಭಾರತದಲ್ಲಿ ಹೆಚ್ಚಾಗಿ ಪದವಿಯ ನಂತರದ ಓದಿನಲ್ಲಿ ದೊರೆಯುತ್ತದೆ. ಮನೋವಿಜ್ಞಾನ ಅಥವಾ ಆಪ್ತ ಸಮಾಲೋಚನೆಯ ಎಂ.ಎ., ಎಂ.ಎಸ್ಸಿ.; ಸಮಾಜಕಾರ್ಯದ ಎಂ.ಎಸ್‌ಡಬ್ಲ್ಯೂ, ಈಗಾಗಲೇ ಶಿಕ್ಷಕರಾಗಿರುವವರಿಗೆ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ: ಇವು ಮುಖ್ಯ ದಾರಿಗಳು.

ಈ ವೃತ್ತಿಯ ಬೇರು ಉದ್ಯೋಗ ಮಾರ್ಗದರ್ಶನದಲ್ಲಿದೆ. ಅಮೆರಿಕದ ಬೋಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಯುವಕರಿಗೆ ಉದ್ಯೋಗ ಆಯ್ಕೆಯಲ್ಲಿ ನೆರವಾಗುವ ಕೇಂದ್ರ ತೆರೆದ. 1940ರ ದಶಕದಲ್ಲಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್, ಬುದ್ಧಿವಾದ ಹೇಳುವುದಕ್ಕಿಂತ ಎದುರಿನವರನ್ನು ಪೂರ್ತಿ ಕೇಳಿಸಿಕೊಳ್ಳುವುದೇ ಗುಣಕಾರಿ ಎಂದು ವಾದಿಸಿದ ಮೇಲೆ ಈ ವೃತ್ತಿಯ ಸ್ವರೂಪವೇ ಬದಲಾಯಿತು. ಭಾರತದಲ್ಲಿ ಮಾಧ್ಯಮಿಕ ಶಿಕ್ಷಣ ಕುರಿತ ಮುದಲಿಯಾರ್ ಆಯೋಗ 1952–53ರಲ್ಲೇ ಪ್ರೌಢಶಾಲೆಗಳಿಗೆ ಮಾರ್ಗದರ್ಶಕರು ಬೇಕೆಂದು ಹೇಳಿತ್ತು. ಕನ್ನಡ ನಾಡಿನಲ್ಲಿ ಇದಕ್ಕೆ ನೆಲ ಇನ್ನೂ ಮೊದಲೇ ಹದವಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಎಂದು ಹೆಸರಾದ ಆ ಪರೀಕ್ಷೆಯನ್ನು ಇಂದಿನ ವಿದ್ಯಾರ್ಥಿಗಳೂ ಪ್ರಯೋಗಶಾಲೆಯಲ್ಲಿ ಕಲಿಯುತ್ತಾರೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಮಾಳವಿಕಾ ಕಪೂರ್, ಶ್ರೀಕಲಾ ಭರತ್ ಮೊದಲಾದವರು ನಡೆಸಿದ ಕೆಲಸ, ಶಿಕ್ಷಕರನ್ನೇ ತರಬೇತುಗೊಳಿಸುವ ಮಾದರಿಯನ್ನು ಗಟ್ಟಿಗೊಳಿಸಿತು.

ಚಿಕ್ಕಮಗಳೂರು ಜಿಲ್ಲೆಯ ಉತ್ತರ ಮತ್ತು ಪೂರ್ವಕ್ಕಿರುವ ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳು ಕಾಫಿ ನಾಡಿನ ಹೆಸರಿನೊಳಗೆ ಸೇರಿದ್ದರೂ ಬದುಕಿನಲ್ಲಿ ಬೇರೆ. ಕಡೂರು ಮಳೆಯನ್ನು ಎದುರುನೋಡುವ ಬಯಲುಸೀಮೆ, ತೆಂಗಿನ ನಾಡು. ತರೀಕೆರೆ ಅರೆಮಲೆನಾಡು, ಭದ್ರೆಯ ನೀರು, ಅಡಿಕೆ. ತರೀಕೆರೆಯಿಂದ ಬೇರ್ಪಟ್ಟು ಇತ್ತೀಚೆಗೆ ತಾಲೂಕಾದ ಅಜ್ಜಂಪುರ ಅಮೃತಮಹಲ್ ಗೋತಳಿ ಸಂವರ್ಧನೆಗೂ ಈರುಳ್ಳಿಗೂ ಹೆಸರಾದದ್ದು. ಇಲ್ಲಿ ಸಮಾಲೋಚಕರಾಗಲಿರುವವರು ಈ ವ್ಯತ್ಯಾಸಗಳನ್ನು ತಿಳಿದಿರಲೇಬೇಕು. ಈರುಳ್ಳಿ ಕೀಳುವ ವಾರಗಳಲ್ಲಿ ತರಗತಿಗೆ ಬಾರದ ಹುಡುಗನನ್ನೂ ಶಾಲೆಯೆಂದರೆ ಹೆದರಿ ತಪ್ಪಿಸಿಕೊಳ್ಳುವ ಹುಡುಗನನ್ನೂ ಹಾಜರಾತಿ ಪುಸ್ತಕ ಒಂದೇ ರೀತಿ ತೋರಿಸುತ್ತದೆ. ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ, ಪೇಟೆಯ ಹಲವು ಮಕ್ಕಳದು ಉರ್ದು. ಹಾಸ್ಟೆಲಿನ ಮಗುವಿಗೆ ಮನೆ ನೆನಪಾದಾಗ ಅದು ಯಾವ ಭಾಷೆಯಲ್ಲಿ ಅಳುತ್ತದೆ ಎಂಬುದು ಪಠ್ಯಪುಸ್ತಕದಲ್ಲಿ ಸಿಗುವ ಸಂಗತಿಯಲ್ಲ.

ಓದಿಗೆ ಹತ್ತಿರದ ಅವಕಾಶ ಶಿವಮೊಗ್ಗದ ದಿಕ್ಕಿನಲ್ಲಿದೆ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಆವರಣ, ತರೀಕೆರೆ ತಾಲೂಕಿನ ಲಕ್ಕವಳ್ಳಿಗೆ ಅನತಿ ದೂರದಲ್ಲಿದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರುತ್ತವೆ. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಅವರು ಕಟ್ಟಿದ ಮಾನಸ ಸಂಸ್ಥೆಯ ಬಳಗಕ್ಕೆ ಸೇರಿದ ಕಟೀಲ್ ಅಶೋಕ್ ಪೈ ಸ್ಮಾರಕ ಕಾಲೇಜು ಮನೋವಿಜ್ಞಾನದ ಉನ್ನತ ಶಿಕ್ಷಣವನ್ನು ನೀಡುತ್ತದೆ. ‘ಕಾಡಿನ ಬೆಂಕಿ’ಯಂಥ ಚಿತ್ರಕ್ಕೆ ಕಥೆ ಒದಗಿಸಿ ಮನಸ್ಸಿನ ಕಾಯಿಲೆಯ ಮಾತನ್ನು ಸಾಮಾನ್ಯರ ನಡುವೆ ತಂದ ಅಶೋಕ್ ಪೈ ಅವರ ಊರಿನಲ್ಲೇ ಇಂಥ ವಿದ್ಯಾಸಂಸ್ಥೆ ಇರುವುದು ಈ ಭಾಗದ ಅದೃಷ್ಟ. ಕಡೂರು, ಬೀರೂರು, ತರೀಕೆರೆಯವರಿಗೆ ಶಿವಮೊಗ್ಗಕ್ಕೆ ರೈಲೂ ಬಸ್ಸೂ ಇವೆ. ಅಜ್ಜಂಪುರದವರು ಬೀರೂರಿನಲ್ಲಿ ರೈಲು ಬದಲಿಸಬೇಕು, ಇಲ್ಲವೇ ಬಸ್ಸಿನಲ್ಲಿ ತರೀಕೆರೆಗೆ ಬಂದು ಮುಂದೆ ಹೋಗಬೇಕು. ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಿಗೆ ಸೇರುವವರು ಎರಡು ವರ್ಷ ಹಾಸ್ಟೆಲಿನಲ್ಲೇ ಇರಬೇಕಾಗುತ್ತದೆ.

ಕೆಲಸ ಬಿಡಲಾಗದವರು, ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳು ಬಹುಕಾಲ ನೆಚ್ಚಿಕೊಂಡಿದ್ದದ್ದು ಇಗ್ನೊದಂಥ ಸಂಸ್ಥೆಗಳ ದೂರಶಿಕ್ಷಣವನ್ನು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ಮನೋವಿಜ್ಞಾನ ಮೊದಲಾದ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕಲಿಸಬಾರದೆಂದು ಯುಜಿಸಿ 2025ರಲ್ಲಿ ಸೂಚಿಸಿತು. ಆ ವರ್ಷದ ಜುಲೈ–ಆಗಸ್ಟ್ ಅವಧಿಯಿಂದ ಹೊಸ ಪ್ರವೇಶಕ್ಕೆ ತಡೆ ಬಿತ್ತು. ಕಣ್ಣೆದುರು ಕೂತು ಕಲಿಯಬೇಕಾದ ವಿದ್ಯೆಯನ್ನು ಅಂಚೆಯಲ್ಲಿ ಕಳಿಸಲಾಗದು ಎಂಬುದು ನಿಜ. ಆದರೆ ಸಣ್ಣ ಊರುಗಳಲ್ಲಿ ಅದಕ್ಕೆ ಬದಲಿ ವ್ಯವಸ್ಥೆ ಮಾಡದೆ ಬಾಗಿಲು ಮುಚ್ಚಿದ್ದರ ಪೆಟ್ಟು ಮೊದಲು ಬೀಳುವುದು ಇಂಥ ತಾಲೂಕುಗಳ ಮೇಲೇ.

ಶಿಕ್ಷಕರಿಗೆ ಇರುವ ಮತ್ತೊಂದು ದಾರಿ ಎನ್‌ಸಿಇಆರ್‌ಟಿ ನಡೆಸಿಕೊಂಡು ಬಂದಿರುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಅಧ್ಯಯನ ಕೇಂದ್ರಗಳಲ್ಲಿ ಒಂದು. ಆರು ತಿಂಗಳು ಮನೆಯಲ್ಲಿದ್ದು ಓದು, ಮೂರು ತಿಂಗಳು ಕೇಂದ್ರದಲ್ಲಿ ನೇರ ತರಗತಿ, ಕೊನೆಯ ಮೂರು ತಿಂಗಳು ತಮ್ಮ ಊರಿನಲ್ಲೇ ಇಂಟರ್ನ್‌ಶಿಪ್ ಎಂಬುದು ಅದರ ವಿನ್ಯಾಸ. ಪ್ರೌಢಶಾಲೆಯೊಂದರಲ್ಲಿ ಹತ್ತು ವರ್ಷ ಪಾಠ ಮಾಡಿ, ಊರಿನ ಅರ್ಧ ಮನೆಗಳನ್ನು ಬಲ್ಲ ಶಿಕ್ಷಕಿಗೆ ಇದಕ್ಕಿಂತ ಹೆಚ್ಚು ಹೊಂದುವ ತರಬೇತಿ ಸಿಗುವುದು ಕಷ್ಟ.

ಎರಡು ವರ್ಷದ ಸ್ನಾತಕೋತ್ತರ ಓದು ನಾಲ್ಕು ಸೆಮಿಸ್ಟರುಗಳಲ್ಲಿ ಹರಡಿರುತ್ತದೆ. ಬೆಳವಣಿಗೆಯ ಮನೋವಿಜ್ಞಾನ, ವ್ಯಕ್ತಿತ್ವ ಸಿದ್ಧಾಂತಗಳು, ಮಾನಸಿಕ ಪರೀಕ್ಷೆಗಳು, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ರೋಜರ್ಸ್, ಎಲ್ಲಿಸ್, ಬೆಕ್ ಮೊದಲಾದವರ ಸಮಾಲೋಚನಾ ಪದ್ಧತಿಗಳು, ಕೊನೆಗೊಂದು ಕಿರು ಪ್ರಬಂಧ. ಇವೆಲ್ಲ ಬಹುತೇಕ ಎಲ್ಲ ಕಡೆಯೂ ಒಂದೇ.

ತರಬೇತಿಯ ಜೀವಾಳ ಇರುವುದು ಮೇಲ್ವಿಚಾರಣೆಯ ಅಡಿಯ ಅಭ್ಯಾಸದಲ್ಲಿ. ಮಗುವಿನೊಡನೆ ನಡೆದ ಮಾತುಕತೆಯನ್ನು ತರಬೇತಿಯಲ್ಲಿರುವವರು ನೆನಪಿನಿಂದ ಮಾತಿಗೆ ಮಾತು ಬರೆಯುತ್ತಾರೆ. ಹಾಳೆಯಲ್ಲಿ ಮೂರು ಅಂಕಣ: ಮಗು ಹೇಳಿದ್ದು, ತಾನು ಹೇಳಿದ್ದು, ಮಾರ್ಗದರ್ಶಕರ ಟಿಪ್ಪಣಿ. ‘ಹೊಟ್ಟೆ ನೋಯ್ತೈತೆ ಮಿಸ್, ಮನೆಗೋಗ್ತೀನಿ’ ಎಂದು ಏಳನೇ ತರಗತಿಯ ಹುಡುಗಿ ಅಂದದ್ದು ಮೊದಲ ಅಂಕಣದಲ್ಲಿದ್ದರೆ, ಎರಡನೆಯದರಲ್ಲಿ ‘ಡಾಕ್ಟ್ರಿಗೆ ತೋರ್ಸಿದ್ಯಾ? ಬೆಳಿಗ್ಗೆ ತಿಂಡಿ ತಿಂದ್ಯಾ?’ ಎಂಬ ಪ್ರಶ್ನೆಗಳಿರುತ್ತವೆ. ಮೂರನೆಯದರಲ್ಲಿ ಮಾರ್ಗದರ್ಶಕರು ಬರೆಯುತ್ತಾರೆ: ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ, ಒಂದಕ್ಕೂ ಉತ್ತರ ಬರಲು ಬಿಟ್ಟಿಲ್ಲ, ನೋವು ಯಾವ ಪೀರಿಯಡ್ಡಿನಲ್ಲಿ ಶುರುವಾಗುತ್ತದೆ, ಭಾನುವಾರವೂ ಇರುತ್ತದೆಯೇ ಎಂಬ ಕಡೆಗೆ ಮಾತು ಹೋಗಬೇಕಿತ್ತು. ಇಂಥ ಹಾಳೆಗಳನ್ನು ಮತ್ತೆ ಮತ್ತೆ ತಿದ್ದಿಸಿಕೊಂಡವರಷ್ಟೇ ಸುಮ್ಮನಿದ್ದು ಕೇಳುವುದನ್ನು ಕಲಿಯುತ್ತಾರೆ. ಎಂ.ಎಸ್ಸಿ. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುದರಿಂದ ಈ ಅಭ್ಯಾಸವಾದರೂ ಕನ್ನಡದಲ್ಲಿ, ಆಯಾ ಸೀಮೆಯ ಕನ್ನಡದಲ್ಲಿ, ನಡೆಯುವುದು ಅತ್ಯಗತ್ಯ.

ಗುಟ್ಟು ಕಾಯುವುದಕ್ಕೂ ಮಿತಿಯಿದೆ, ಅದನ್ನು ತರಬೇತಿಯಲ್ಲೇ ಮನದಟ್ಟು ಮಾಡಿಸಲಾಗುತ್ತದೆ. ಮಗು ತನಗೆ ಅಪಾಯ ಮಾಡಿಕೊಳ್ಳುವ ಸೂಚನೆ ಕೊಟ್ಟರೆ ಪಾಲಕರಿಗೂ ವೈದ್ಯರಿಗೂ ತಿಳಿಸಬೇಕು. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯುಂಟು. ‘ಯಾರಿಗೂ ಹೇಳಲ್ಲ’ ಎಂದು ಮಗುವಿಗೆ ಮೊದಲೇ ಮಾತು ಕೊಡಬಾರದೆಂಬ ನಿಯಮ ಇಲ್ಲಿಂದಲೇ ಬಂದದ್ದು. ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ, ಸಮಾಲೋಚಕರ ಕೋಣೆಗೆ ಹೋದ ಹುಡುಗಿಯ ಸುದ್ದಿ ಸಂಜೆಯೊಳಗೆ ಅವಳ ಬೀದಿ ತಲುಪುವಲ್ಲಿ, ಈ ಪಾಠ ನಗರಕ್ಕಿಂತ ಹೆಚ್ಚು ಬಿಗಿಯಾಗಿರಬೇಕು.

ಕಲಿಕೆಯ ತೊಡಕನ್ನು ಗುರುತಿಸುವುದು ಇನ್ನೊಂದು ಹೊಣೆ. ಮಾತಿನಲ್ಲಿ ಚುರುಕಾಗಿರುವ ಐದನೇ ತರಗತಿಯ ಮಗು ಉಕ್ತಲೇಖನದಲ್ಲಿ ‘ಅಕ್ಕ’ ಎಂಬುದನ್ನು ‘ಅಕ’ ಎಂದೂ ‘ಶಾಲೆ’ಯನ್ನು ‘ಶಲೆ’ ಎಂದೂ ತಿಂಗಳುಗಟ್ಟಲೆ ಬರೆಯುತ್ತಿದ್ದರೆ, ಒತ್ತಕ್ಷರ, ದೀರ್ಘಗಳು ತಪ್ಪುತ್ತಲೇ ಇದ್ದರೆ, ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ಪರೀಕ್ಷೆಗೆ ಕಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಕಾಲಕ್ಕೆ ಕೈಸೇರಿದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ.

ಮುಂದಕ್ಕೆ ಕಳುಹಿಸುವ ಜಾಗಗಳನ್ನೂ ತಿಳಿದಿರಬೇಕು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮ 2014ರಿಂದ ಮಂಗಳವಾರಗಳಂದು ಮನೋವೈದ್ಯರ ಸೇವೆಯನ್ನು ತಾಲೂಕು ಆಸ್ಪತ್ರೆಗಳಿಗೆ ತಂದಿತು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಫೋನಿನಲ್ಲಿ ದಿನವಿಡೀ ನೆರವಾಗುವ ಟೆಲಿ ಮನಸ್ (14416) 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಮಕ್ಕಳ ಸಹಾಯವಾಣಿ 1098. ಫಲಿತಾಂಶದ ದಿನಗಳಲ್ಲಿ ಈ ಸಂಖ್ಯೆಗಳು ಶಾಲೆಯ ಸೂಚನಾ ಫಲಕದಲ್ಲಿ ಇರಲೇಬೇಕು. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿರುವುದನ್ನು ಕಂಗಾಲಾದ ಪಾಲಕರಿಗೆ ಬಿಡಿಸಿ ಹೇಳುವುದೂ ಆ ದಿನಗಳ ಕೆಲಸವೇ.

ತರಬೇತಿ ಮುಗಿಸಿದವರಿಗೆ ಹುದ್ದೆಗಳು ಇನ್ನೂ ವಿರಳ. ಸಿಬಿಎಸ್‌ಇ ತನ್ನ 2018ರ ನಿಯಮಗಳಲ್ಲಿ ಪ್ರೌಢಶಾಲೆಗಳು ಪೂರ್ಣಾವಧಿ ಸಮಾಲೋಚಕರನ್ನು ನೇಮಿಸಬೇಕೆಂದಿತು. 9ರಿಂದ 12ನೇ ತರಗತಿಗಳಲ್ಲಿ 300ಕ್ಕಿಂತ ಕಡಿಮೆ ಮಕ್ಕಳಿದ್ದರೆ ಅರೆಕಾಲಿಕರು ಸಾಕೆಂದಿತು. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರು, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದೂ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ನಂಟು ಇಟ್ಟುಕೊಳ್ಳಬೇಕೆಂದೂ ನಿರ್ದೇಶಿಸಿತು. ಆದರೆ ಈ ಭಾಗದ ಬಹುಪಾಲು ಮಕ್ಕಳು ಓದುವ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಈ ಕೆಲಸ ಶಿಕ್ಷಕರ ಹೆಗಲ ಮೇಲೇ ಇದೆ. ಹಲವು ಶಾಲೆಗಳ ಗುಚ್ಛಕ್ಕೆ ಒಬ್ಬ ಸಮಾಲೋಚಕರೆಂಬ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಸಲಹೆ, ಒಂದೊಂದು ಊರಿನಲ್ಲೂ ಸಣ್ಣ ಶಾಲೆಯಿರುವ ಅಜ್ಜಂಪುರದಂಥ ತಾಲೂಕಿಗೆ ಹೆಚ್ಚು ಒಪ್ಪುತ್ತದೆ. ಸದ್ಯಕ್ಕೆ ಪದವಿ ಪಡೆದ ಸ್ಥಳೀಯರು ಖಾಸಗಿ ಶಾಲೆಗಳು, ತಾಲೂಕು ಆಸ್ಪತ್ರೆಯ ಗುತ್ತಿಗೆ ಹುದ್ದೆಗಳು, ಸಾಂತ್ವನ ಕೇಂದ್ರಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಂಥಲ್ಲಿ ಕೆಲಸ ಹುಡುಕಿಕೊಳ್ಳುತ್ತಾರೆ.