ಓದು ಹೋಯಿತು, ಬರಹ ಉಳಿಯಿತು: ಫೋರ್ಟಿನ ರಾತ್ರಿ ಶಾಲೆಯ ಒಂದು ಮಿದುಳು

ಹೋದ ವಾರದ ವಿಡಿಯೋದ ಬರಹ ರೂಪ ಇದು. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

2019ರ ಒಂದು ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ನಮ್ಮ ದೊಡ್ಡಪ್ಪ ಪೇಪರ್ ಬಿಡಿಸಿ, "ಇದೆಂಥ, ಯಾವ ಭಾಷೆಯ ಪೇಪರ್ ಹಾಕಿ ಹೋಗಿದ್ದಾನೆ ಅವ?" ಅಂತ ಕೇಳಿದರು. ಅದು ಅವರು ದಿನಾ ಓದುವ ಕನ್ನಡ ಪೇಪರೇ. ನಾವು ಕನ್ನಡಕದ ಸಮಸ್ಯೆ ಅಂದುಕೊಂಡೆವು. ಕಣ್ಣಿನ ಡಾಕ್ಟರೊಬ್ಬರು ನಂಬರ್ ಬದಲಿಸಿ ಹೊಸ ಕನ್ನಡಕವನ್ನೂ ಕೊಟ್ಟರು. ಹೀಗೆ ಹತ್ತು ದಿನ ಹೋಯಿತು. ಬಲಗಡೆಯ ಬಾಗಿಲಿಗೆ ಅವರು ಪದೇ ಪದೇ ಭುಜ ತಾಗಿಸಿಕೊಳ್ಳುವುದನ್ನು ದೊಡ್ಡಮ್ಮ ಗಮನಿಸಿದ ಮೇಲೆಯೇ ಸ್ಕ್ಯಾನ್ ಆಯಿತು. ಸ್ಟ್ರೋಕ್. ಮಿದುಳಿನ ಎಡಭಾಗ, ಹಿಂಬದಿ.

ವಿಚಿತ್ರ ಅಂದ್ರೆ, ಮಾತು ಸರಿ ಇತ್ತು. ಕೈಕಾಲು ಸರಿ ಇತ್ತು. ಎದುರಿಗೆ ಬಂದವರ ಗುರುತು ಸಿಗುತ್ತಿತ್ತು. "ನಿಮ್ಮ ಹೆಸರು, ಊರು ಬರೀರಿ" ಅಂದಾಗ ಕನ್ನಡದಲ್ಲಿ ತಪ್ಪಿಲ್ಲದೆ ಬರೆದರು. ಎರಡು ನಿಮಿಷ ಬಿಟ್ಟು ಅದೇ ಕಾಗದ ತೋರಿಸಿದರೆ ತಾವೇ ಬರೆದದ್ದನ್ನು ಓದಲಾರರು! ಸ್ಟೇಷನ್ನಿನ ಇಂಡಿಕೇಟರಿನಲ್ಲಿ 8.12 ಅಂತ ಓದುತ್ತಿದ್ದರು, ಗಾಡಿ ಎಲ್ಲಿಗೆ ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. 'ಠ' ತೋರಿಸಿ ಇದೇನು ಅಂತ ಕೇಳಿದೆ. "ವಡೆ" ಅಂದರು. ನಗು ಬಂತು, ಆಮೇಲೆ ಹೆದರಿಕೆಯಾಯಿತು.

ನಾನು ಕೋಡ್ ಬರೆಯುವವನು, ಡಾಕ್ಟರ್ ಅಲ್ಲ. ಆದರೆ ಎಂ.ಟೆಕ್.ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನಿಗೆ ಇದನ್ನು ಬಿಟ್ಟು ಮಲಗಲು ಆಗಲಿಲ್ಲ. ಹುಡುಕುತ್ತಾ ಹೋದಾಗ ಪ್ಯಾರಿಸ್ಸಿನ ಒಬ್ಬ ರೋಗಿ ಸಿಕ್ಕಿದ.

1887ರ ಅಕ್ಟೋಬರ್. ವೈದ್ಯಕೀಯ ದಾಖಲೆಯಲ್ಲಿ 'ಸಿ' ಅಂತ ಕರೆಯುವ, ಚೆನ್ನಾಗಿ ಓದಿಕೊಂಡ ಒಬ್ಬ ವ್ಯಾಪಾರಿಗೆ ಒಮ್ಮೆಲೇ ಒಂದಕ್ಷರವೂ ಓದಲಾಗದೆ ಹೋಯಿತು. ಆತನೂ ಮೊದಲು ಹೋದದ್ದು ಕಣ್ಣಿನ ವೈದ್ಯರ ಬಳಿಗೇ. ಆತ ಬರೆಯುತ್ತಿದ್ದ, ಅಂಕಿ ಓದುತ್ತಿದ್ದ, ಲೆಕ್ಕ ಮಾಡುತ್ತಿದ್ದ. ಅಕ್ಷರ ಮಾತ್ರ ಬರೀ ಆಕಾರ: 'ಝಡ್' ಹಾವಿನ ಹಾಗೆ ಕಾಣುತ್ತದೆ ಅಂದಿದ್ದ. 1892ರಲ್ಲಿ ಆತ ತೀರಿಕೊಂಡ ಮೇಲೆ ವೈದ್ಯ ಜೂಲ್ ಡೆಜೆರೀನ್ ಮಿದುಳನ್ನು ಪರೀಕ್ಷಿಸಿ ವಿವರ ಪ್ರಕಟಿಸಿದರು. ಎಡಭಾಗದ ದೃಷ್ಟಿ ಪ್ರದೇಶ ಹಾಳಾಗಿತ್ತು. ಎಡ-ಬಲ ಮಿದುಳನ್ನು ಜೋಡಿಸುವ ನರಗಳ ಸೇತುವೆಯ ಹಿಂತುದಿಗೂ ಪೆಟ್ಟು ಬಿದ್ದಿತ್ತು. ಬಲಭಾಗಕ್ಕೆ ಅಕ್ಷರ ಕಾಣುತ್ತದೆ. ಆದರೆ ಭಾಷೆ ಇರುವುದು ಎಡಕ್ಕೆ. ಎರಡೂ ಸರ್ವರ್ ಚಾಲೂ ಇವೆ, ನಡುವಿನ ಕೇಬಲ್ ಕಡಿದಿದೆ. ಅಂಕಿಗಳನ್ನು ಬಲಭಾಗವೂ ಒಂದು ಮಟ್ಟಿಗೆ ಗುರುತಿಸಬಲ್ಲದು, 8.12 ಉಳಿದದ್ದು ಹಾಗೆ.

ಈಗ ಫೋರ್ಟಿಗೆ ಬರೋಣ. ಯಾಕೆಂದರೆ ದೊಡ್ಡಪ್ಪನ ತಲೆಯೊಳಗೆ ಆ ಅಕ್ಷರ ಕೂತದ್ದೇ ಅಲ್ಲಿ.

ಅವರು ಮಲ್ಪೆ ಕಡೆಯಿಂದ ಮುಂಬೈಗೆ ಬಂದದ್ದು 1968ರಲ್ಲಿ, ಹದಿನಾರರ ಪ್ರಾಯದಲ್ಲಿ. ಊರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಮಾತು ತುಳು. ಬೋರಾ ಬಜಾರಿನ ಹೋಟೆಲಿನಲ್ಲಿ ಮೊದಲು ಗ್ಲಾಸು ತೊಳೆದರು, ಆಮೇಲೆ ಸಪ್ಲಾಯರ್ ಆದರು. ಫೋರ್ಟ್ ಅಂದರೆ ನಿಮಗೆ ಗೊತ್ತಲ್ಲ, ಹೆಸರಿನಲ್ಲಿ ಮಾತ್ರ ಕೋಟೆ. ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿದ್ದಾರೆ. ಬ್ಯಾಂಕು, ಕಂಪನಿ, ಕೋರ್ಟು ತುಂಬಿದ ಆ ಗಲ್ಲಿಗಳ ಕ್ಯಾಂಟೀನು, ಹೋಟೆಲುಗಳಲ್ಲಿ ಕರಾವಳಿಯ ಹುಡುಗರು ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಮುಂಬೈಯಲ್ಲಿ ಉಚಿತ ರಾತ್ರಿ ಶಾಲೆ ತೆರೆದಿತ್ತು. ಬೇರೆ ಬೇರೆ ಸಂಘಗಳೂ ಅದೇ ದಾರಿ ಹಿಡಿದವು. ನಮ್ಮ ಹಾಗೆ ಕ್ಯಾಂಪಸ್ ಸೆಲೆಕ್ಷನ್ ಆಗಿ ಬಂದವರಲ್ಲ ಇವರು. ನೈಟ್ ಶಿಫ್ಟ್ ಬಗ್ಗೆ ಗೊಣಗುವಾಗೆಲ್ಲ ನನಗೆ ಇವರ ನೆನಪಾಗಿ ಸ್ವಲ್ಪ ನಾಚಿಕೆಯಾಗುತ್ತದೆ.

ಹದಿನಾರು ವರ್ಷ ಅಕ್ಷರವೇ ಕಾಣದ ಮಿದುಳು ಆಮೇಲೆ ಓದಲು ಕಲಿತರೆ ಒಳಗೆ ಏನಾಗುತ್ತದೆ? ಬರಹಕ್ಕೆ ಸುಮಾರು 5000 ವರ್ಷದ ಪ್ರಾಯ ಅಷ್ಟೆ. ಅದಕ್ಕಾಗಿ ಬೇರೆ ಅಂಗ ಬೆಳೆಯಲು ಆ ಕಾಲ ಸಾಲದು. ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹಾನ್ ಅವರ ವಾದ ಏನೆಂದರೆ, ವಸ್ತು, ಮುಖ ಗುರುತಿಸುವ ಹಳೆಯ ಜಾಗದ ಒಂದು ತುಂಡನ್ನೇ ಮಿದುಳು ಅಕ್ಷರಕ್ಕೆ ಒಗ್ಗಿಸಿಕೊಳ್ಳುತ್ತದೆ. 2010ರಲ್ಲಿ ಅವರ ತಂಡ ಬ್ರೆಜಿಲ್ ಮತ್ತು ಪೋರ್ಚುಗಲ್ಲಿನ 63 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿತು. ಅದರಲ್ಲಿ 10 ಮಂದಿ ಅನಕ್ಷರಸ್ಥರು, 22 ಮಂದಿ ದೊಡ್ಡವರಾದ ಮೇಲೆ ಕಲಿತವರು. ತಡವಾಗಿ ಕಲಿತವರಲ್ಲೂ ಎಡಭಾಗದ ಆ ಜಾಗ ಅಕ್ಷರಕ್ಕೆ ಸ್ಪಂದಿಸುತ್ತಿತ್ತು. ಅಂದರೆ ಫೋರ್ಟಿನ ಮೇಷ್ಟ್ರುಗಳು ರಾತ್ರಿ ಹೊತ್ತು ಮಾಡುತ್ತಿದ್ದದ್ದು ಮಿದುಳಿನ ರಿಪೇರಿ ಕೆಲಸವೇ! ಹಾಗಾದರೆ ಮುಖ ಗುರುತಿಸುವುದಕ್ಕೆ ಏನಾದರೂ ನಷ್ಟ ಇದೆಯಾ? ಲಕ್ನೋ ಸುತ್ತಲಿನ ದೇವನಾಗರಿ ಓದುಗರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂಥ ನಷ್ಟ ಕಾಣಲಿಲ್ಲ.

ಓದು ಬದಲಿಸುವುದು ಕಣ್ಣನ್ನು ಮಾತ್ರ ಅಲ್ಲ, ಕಿವಿಯನ್ನೂ. 1979ರಲ್ಲಿ ಪೋರ್ಚುಗಲ್ಲಿನಲ್ಲಿ ಜೋಸೆ ಮೊರಾಯ್ಸ್ ಮತ್ತು ಸಂಗಡಿಗರು ಪದದ ಮೊದಲ ಧ್ವನಿಯನ್ನು ಕಳೆದು ಹೇಳಿ ಅಂದಾಗ ಅನಕ್ಷರಸ್ಥರಿಗೆ ಅದು ಬಹಳ ಕಷ್ಟವಾಯಿತು. ತಡವಾಗಿ ಓದು ಕಲಿತವರು ಹೇಳಿದರು. ದಿನಾ ಆಡುವ ಮಾತಿನೊಳಗೆ ಬಿಡಿ ಧ್ವನಿಗಳಿವೆ ಅನ್ನುವ ಅರಿವೇ ಲಿಪಿ ಕೊಟ್ಟದ್ದು. ಕನ್ನಡದಲ್ಲಿ ಕತೆ ಇನ್ನೂ ಬೇರೆ, ನಮ್ಮದು 'ಕ'ಗೆ ಕೊಂಬು, ದೀರ್ಘ, ಒತ್ತು ಸೇರುವ ಲಿಪಿ. ಸೊನಾಲಿ ನಾಗ್ ಅವರು ಮಕ್ಕಳ ಕನ್ನಡ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರ ಕಲಿಕೆ ಇಂಗ್ಲಿಷಿನ 26ರ ಹಾಗೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ಬಿಡಿ ಧ್ವನಿಯ ಅರಿವೂ ನಿಧಾನವಾಗಿ ಬರುತ್ತದೆ. ಹಗಲಿಡೀ ಗ್ಲಾಸು ತೊಳೆದವ ರಾತ್ರಿ ಒತ್ತಕ್ಷರ ಕಲಿತದ್ದು ಸಣ್ಣ ಮಾತಲ್ಲ.

ಮತ್ತೆ ಪ್ಯಾರಿಸ್ಸಿನ 'ಸಿ'. ಕಣ್ಣಿಗೆ ಸಿಗದ ಅಕ್ಷರದ ಗೆರೆಯನ್ನು ಕೈಯಿಂದ ಅನುಸರಿಸಿದರೆ ಅದು ಆತನಿಗೆ ಗೊತ್ತಾಗುತ್ತಿತ್ತು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮಲ್ಲಿ ಅಕ್ಷರ ಕಲಿಯುವುದೇ ತಿದ್ದಿ ಅಲ್ವಾ! ದೊಡ್ಡಪ್ಪನಿಗೂ ಮೇಷ್ಟ್ರು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದುಕೊಟ್ಟು ಅದರ ಮೇಲೇ ತಿದ್ದಿಸಿದ್ದರಂತೆ. ಕಣ್ಣಿನ ದಾರಿ ಕಡಿದರೂ ಕೈಯ ದಾರಿ ಇದೆ. ಸ್ಪೀಚ್ ಥೆರಪಿಸ್ಟ್ ಒಬ್ಬರ ಸಲಹೆಯಂತೆ ಶುರು ಮಾಡಿದೆವು: ಅಕ್ಷರ ನೋಡುವುದು, ಬೆರಳಿನಿಂದ ತಿದ್ದುವುದು, ಆಮೇಲೆ ಹೇಳುವುದು. ಮೊದಲ ತಿಂಗಳು ದಿನಕ್ಕೆ ಐದಾರು ಪದ. ಕೆಲವು ದಿನ ಸಿಟ್ಟಿನಿಂದ ಪುಸ್ತಕ ದೂಡಿದ್ದೂ ಇದೆ.

ಆರು ತಿಂಗಳ ಮೇಲೆ ಒಂದು ಭಾನುವಾರ ಅವರನ್ನು ಫೋರ್ಟಿಗೆ ಕರೆದುಕೊಂಡು ಹೋದೆ. ಅವರು ಓದಿದ ಶಾಲೆ ಇದ್ದ ಕಟ್ಟಡದ ಮುಂದೆ ನಿಂತು ಬೋರ್ಡನ್ನು ಒಂದೇ ಉಸಿರಿಗೆ ಹೇಳಿದರು. ನನಗೆ ಖುಷಿಯೋ ಖುಷಿ. "ಓದಿದ್ದಲ್ಲ ಮಗಾ, ಅದು ಬಾಯಿಪಾಠ" ಅಂದರು.

ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿದೆವು. ಬಿಲ್ಲಿನ ಹಿಂದೆ ನಾನು ಒಂದು ಸಾಲು ಬರೆದು ಮುಂದಿಟ್ಟೆ. ಅವರು ಬೆರಳನ್ನು ನೀರಿಗೆ ತಾಗಿಸಿ ಮೇಜಿನ ಮೇಲೆ ಒಂದೊಂದೇ ಅಕ್ಷರ ತಿದ್ದಿದರು. ಬಿ. ಲ್. ನಾ. ನು. ಇನ್ನೂ ಒಂದು ಪದ ಬಾಕಿ ಇತ್ತು. ಅಷ್ಟರಲ್ಲೇ ಜೇಬಿಗೆ ಕೈ ಹಾಕಿ, "ನೀ ಕೊಡೋದು ಬೇಡ. ಈ ಗಲ್ಲಿಯಲ್ಲಿ ದುಡಿದವ ನಾನು, ಬಿಲ್ ನಾನು ಕೊಡ್ತೇನೆ" ಅಂದರು.