ಗೃಧ್ರಗೋಮಾಯುಸಂವಾದವೂ ರಣಹದ್ದುಗಳ ಕ್ಷಯವೂ

ಮಹಾಭಾರತದ ಶಾಂತಿಪರ್ವದಲ್ಲಿ ಗೃಧ್ರಗೋಮಾಯುಸಂವಾದವೆಂಬ ಉಪಾಖ್ಯಾನವುಂಟು. ಮೃತಬಾಲಕನನ್ನು ಶ್ಮಶಾನಕ್ಕೆ ತಂದ ಬಂಧುಗಳಿಗೆ, ಹೊತ್ತು ಮುಳುಗುವುದರೊಳಗಾಗಿ ಮನೆಗೆ ತೆರಳಿರೆಂದು ರಣಹದ್ದು ಬೋಧಿಸುತ್ತದೆ. ಇನ್ನೂ ನಿಲ್ಲಿರೆಂದು ನರಿಯು ತಡೆಯುತ್ತದೆ. ಎರಡರ ನೀತಿಬೋಧೆಗೂ ಹಸಿವೇ ಮೂಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಪ್ರಬಂಧಧ್ವನಿಗೆ ಇದನ್ನೇ ಉದಾಹರಿಸಿರುವುದು ಸಾಹಿತ್ಯಜ್ಞರಿಗೆ ಸುವಿದಿತ. ಈ ಕಥೆಯಲ್ಲಿ ಪ್ರಾಣಿಲೋಕದ ಸತ್ಯವೊಂದೂ ಅಡಗಿರುವುದು. ರಣಹದ್ದು ಹಗಲಿನಲ್ಲಿ ಆಹಾರವನ್ನು ಕಣ್ಣಿನಿಂದ ಅರಸತಕ್ಕದ್ದು. ನರಿಯು ಹೆಚ್ಚಾಗಿ ಇರುಳಿನಲ್ಲಿ ಸಂಚರಿಸತಕ್ಕದ್ದು. ಒಂದೇ ಶವವನ್ನು ಬಯಸುವ ಎರಡು ಜೀವಿಗಳು ಹೀಗೆ ಕಾಲವನ್ನು ಹಂಚಿಕೊಂಡಿವೆ. ಅವುಗಳಲ್ಲಿ ಒಂದು ಇಲ್ಲವಾದರೆ ಅದರ ಪಾಲು ಯಾರಿಗೆ ಸೇರುವುದೆಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಕಡೆಯ ದಶಕವು ಉತ್ತರ ಕೊಟ್ಟಿತು.

ಅದಕ್ಕೆ ಮುಂಚೆ ಭರತಖಂಡದಲ್ಲಿ ರಣಹದ್ದುಗಳು ಕೋಟಿಗಳ ಲೆಕ್ಕದಲ್ಲಿದ್ದುವು. ಊರ ಹೊರಗೆ ಬಿಸುಟ ದನದ ಚರ್ಮವನ್ನು ಚಮ್ಮಾರರು ಸುಲಿದುಕೊಳ್ಳುವರು. ಮಾಂಸವನ್ನು ಹದ್ದುಗಳ ಹಿಂಡು ಸ್ವಲ್ಪ ಹೊತ್ತಿನಲ್ಲಿಯೇ ಮುಗಿಸುವುದು. ಉಳಿದ ಎಲುಬನ್ನು ಆಯುವವರು ಬೇರೆ. ಅವುಗಳ ಜಠರದ ತೀಕ್ಷ್ಣವಾದ ಆಮ್ಲವು ಅನೇಕ ರೋಗಬೀಜಗಳನ್ನು ನಾಶಮಾಡಬಲ್ಲದಾದುದರಿಂದ ಶವದ ಮಾಲಿನ್ಯವು ಅಲ್ಲಿಗೇ ನಿಲ್ಲುತ್ತಿದ್ದಿತು.

1990ರ ದಶಕದಲ್ಲಿ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಹದ್ದುಗಳು ಸಾಯುತ್ತಿರುವುದು ಕಂಡುಬಂದಿತು. 1992ರಿಂದ 2007ರೊಳಗಾಗಿ ಭಾರತದಲ್ಲಿ ಬಿಳಿಬೆನ್ನಿನ ಜಾತಿಯು ನೂರಕ್ಕೆ 99.9ರಷ್ಟೂ, ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ಜಾತಿಗಳು ಸುಮಾರು 97ರಷ್ಟೂ ಕ್ಷಯಿಸಿದುವು. ಪಾಕಿಸ್ತಾನದಲ್ಲಿ ನಡೆದ ಶೋಧನೆಯಿಂದ 2004ರಲ್ಲಿ ಕಾರಣವು ಗೊತ್ತಾಯಿತು. ದನಗಳ ನೋವು ಕಳೆಯಲು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಶವದೊಡನೆ ಹೊಟ್ಟೆಗೆ ಸೇರಿ ಪಕ್ಷಿಗಳ ಮೂತ್ರಪಿಂಡವನ್ನು ಕೆಡಿಸುತ್ತಿದ್ದಿತು. ನೂರು ಶವಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಯುಕ್ತವಾದರೂ ಇಷ್ಟು ನಾಶಕ್ಕೆ ಸಾಕೆಂದು ಗಣಿತವು ತೋರಿಸಿತು. ಏಕೆಂದರೆ ಒಂದು ಶವದ ಮೇಲೆ ಹಲವು ಹದ್ದುಗಳು ಕೂಡುವುವು, ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

ಹದ್ದಿನ ಪಾಲು ಮುಖ್ಯವಾಗಿ ಬೀದಿನಾಯಿಗಳಿಗೆ ಸೇರಿತು. ಅವು ಹೆಚ್ಚಿದಂತೆ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು. ಮುಂಬಯಿಯ ಪಾರಸಿಗಳ ಮೌನಗೋಪುರಗಳಲ್ಲಿ ಶತಮಾನಗಳ ಅಂತ್ಯವಿಧಿಯೇ ತೊಡಕಿಗೆ ಸಿಕ್ಕಿತು. ದನದ ಕೊಟ್ಟಿಗೆಯ ಔಷಧವು ಒಂದು ಮತದ ಆಚಾರದವರೆಗೆ ಮುಟ್ಟಿದ ಬಗೆ ಇದು.

ಭಾರತ ಸರ್ಕಾರವು 2006ರಲ್ಲಿ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಅದರ ಸ್ಥಾನಕ್ಕೆ ಬಂದಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿಮಾಡಿಸಲಾಯಿತು. ಕರ್ನಾಟಕದಲ್ಲಿ ಉದ್ದಕೊಕ್ಕಿನ ಹದ್ದುಗಳು ಗೂಡುಕಟ್ಟುವ ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ಅವುಗಳ ರಕ್ಷಿತಧಾಮವೆಂದು ಘೋಷಿತವಾಯಿತು.

ಗೃಧ್ರ ಶಬ್ದಕ್ಕೆ ಮೂಲವಾದ 'ಗೃಧ್' ಧಾತುವಿನ ಅರ್ಥ ಅತ್ಯಾಶೆ. ಲೋಕವು ಹಳಿದ ಆ ಅತ್ಯಾಶೆಯೇ ಊರಿನ ಶುಚಿಗೆ ಆಧಾರವಾಗಿದ್ದಿತೆಂಬುದು ಪಕ್ಷಿಯು ಮರೆಯಾದ ಮೇಲೆ ತಿಳಿಯಿತು. ಜಟಾಯುವಿಗೆ ಶ್ರೀರಾಮನೇ ಸಂಸ್ಕಾರ ನಡೆಸಿದನೆಂಬ ಆದಿಕವಿಯ ಕಥೆಯನ್ನು ಪಾಠಹೇಳುವವರು ಈ ವೃತ್ತಾಂತವನ್ನೂ ಜೊತೆಗೆ ಸ್ಮರಿಸುವುದು ಯುಕ್ತವಾಗಿದೆ.